ರಾಜಮನ್ನಣೆಯಿಲ್ಲದ ಧರ್ಮ: ಅಮೆರಿಕದ ಧಾರ್ಮಿಕ ಜೀವನದ ಅಧ್ಯಯನ ಸಾಗಿಬಂದ ದಾರಿ

1791ರಲ್ಲಿ ಅಂಗೀಕಾರವಾದ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಯು ಯಾವ ಧರ್ಮವನ್ನೂ ರಾಷ್ಟ್ರಧರ್ಮವಾಗಿ ಸ್ಥಾಪಿಸದಂತೆ ಅಲ್ಲಿನ ಶಾಸನಸಭೆಯನ್ನು ನಿರ್ಬಂಧಿಸಿತು. ರಾಜ್ಯಗಳಲ್ಲಿ ಉಳಿದಿದ್ದ ಚರ್ಚ್ ತೆರಿಗೆಯನ್ನು ಎಲ್ಲಕ್ಕಿಂತ ಕೊನೆಗೆ, 1833ರಲ್ಲಿ, ಮ್ಯಾಸಚೂಸೆಟ್ಸ್ ಕೈಬಿಟ್ಟಿತು. ರಾಜಮನ್ನಣೆ ತಪ್ಪಿದರೆ ಧರ್ಮ ಸೊರಗುತ್ತದೆಂಬ ಯುರೋಪಿನ ನಂಬಿಕೆ ಇಲ್ಲಿ ಸುಳ್ಳಾದುದನ್ನು ಕಂಡು ಬೆರಗಾದವರಲ್ಲಿ, 1831ರಲ್ಲಿ ಆ ದೇಶವನ್ನು ಸುತ್ತಿದ ಫ್ರೆಂಚ್ ಚಿಂತಕ ಅಲೆಕ್ಸಿಸ್ ದ ಟಾಕ್‌ವಿಲ್ ಪ್ರಮುಖನು. ಪ್ರಭುತ್ವದಿಂದ ದೂರವಿದ್ದುದೇ ಅಲ್ಲಿನ ಧರ್ಮದ ಬಲವೆಂದೂ, ಅಧಿಕಾರದೊಡನೆ ಕೈಜೋಡಿಸಿದ ಧರ್ಮವು ಆ ಅಧಿಕಾರದ ಮೇಲಿನ ಜನರ ಹಗೆಯನ್ನೂ ಹೊರಬೇಕಾಗುತ್ತದೆಂದೂ ಅವನು ವಾದಿಸಿದನು. ಅಮೆರಿಕದ ಧಾರ್ಮಿಕ ಜೀವನದ ಅಧ್ಯಯನ ಬಹುಮಟ್ಟಿಗೆ ಈ ವಾದವನ್ನು ಒಪ್ಪುತ್ತ, ತಿದ್ದುತ್ತ ಬೆಳೆದಿದೆ.

ಆರಂಭದ ಚರಿತ್ರೆಗಳನ್ನು ಬರೆದವರು ಪ್ರಾಟೆಸ್ಟೆಂಟ್ ಪಾದ್ರಿಗಳು. ಅವರ ಕಥನದಲ್ಲಿ ಕ್ಯಾಥೊಲಿಕರೂ ಯಹೂದಿಗಳೂ ಅಂಚಿಗೆ ಸರಿದಿದ್ದರು, ಕಪ್ಪು ಜನರಂತೂ ಧರ್ಮಪ್ರಚಾರದ ಪಾತ್ರರಾಗಿಯೇ ಹೊರತು ಧರ್ಮದ ಕರ್ತೃಗಳಾಗಿ ಕಾಣಿಸಿಕೊಂಡದ್ದು ವಿರಳ. 1903ರಲ್ಲಿ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅಟ್ಲಾಂಟ ವಿಶ್ವವಿದ್ಯಾಲಯದಿಂದ ಹೊರತಂದ ಕಪ್ಪು ಜನರ ಚರ್ಚಿನ ಅಧ್ಯಯನವು ಆ ಸಂಸ್ಥೆಯನ್ನು ಕ್ಷೇತ್ರಕಾರ್ಯ ಹಾಗೂ ಅಂಕಿಅಂಶಗಳ ಆಧಾರದಿಂದ ವಿವರಿಸಿದ್ದರೂ ವಿದ್ವತ್ ಲೋಕ ಅದಕ್ಕೆ ಸಲ್ಲಬೇಕಾದ ಗೌರವವನ್ನು ಬಹುಕಾಲ ಸಲ್ಲಿಸಲಿಲ್ಲವೆಂಬುದು ಈ ಕ್ಷೇತ್ರದ ದೊಡ್ಡ ಲೋಪ. 1929ರಲ್ಲಿ ಎಚ್. ರಿಚರ್ಡ್ ನೀಬುರ್, ಚರ್ಚಿನ ಪಂಗಡಗಳನ್ನು ಒಡೆದದ್ದು ತತ್ತ್ವಭೇದಕ್ಕಿಂತ ಹೆಚ್ಚಾಗಿ ವರ್ಗ, ವರ್ಣ ಮತ್ತು ಪ್ರಾಂತ್ಯಗಳೆಂದು ನೇರವಾಗಿಯೇ ತೋರಿಸಿದನು.

ಎರಡನೆಯ ಮಹಾಯುದ್ಧದ ಅನಂತರ ವಿದ್ವಾಂಸರ ಗಮನ ಐಕ್ಯದ ಕಡೆಗೆ ಹೊರಳಿತು. ವಲಸಿಗರ ಮಕ್ಕಳು ಪ್ರಾಟೆಸ್ಟೆಂಟ್, ಕ್ಯಾಥೊಲಿಕ್, ಯಹೂದಿ ಎಂಬ ಮೂರು ಬಾಗಿಲುಗಳ ಮೂಲಕ ಅಮೆರಿಕನ್ನರಾಗುತ್ತಾರೆಂದು 1955ರಲ್ಲಿ ವಿಲ್ ಹರ್ಬರ್ಗ್ ಬರೆದನು. ರಾಷ್ಟ್ರವೇ ದೇವರ ತೀರ್ಪಿಗೆ ಒಳಪಟ್ಟಿದೆಯೆಂದು ಸಾರುವ, ಯಾವ ಚರ್ಚಿಗೂ ಸೇರದ ವಿಧಿ, ಭಾಷಣ, ಸ್ಮಾರಕಗಳ ಸಮುದಾಯವನ್ನು ರಾಬರ್ಟ್ ಬೆಲ್ಲ 1967ರಲ್ಲಿ ‘ನಾಗರಿಕ ಧರ್ಮ’ವೆಂದು ಕರೆದನು.

ಅದೇ ವರ್ಷ ಪೀಟರ್ ಬರ್ಗರ್, ಆಧುನಿಕತೆ ಬೆಳೆದಂತೆ ಸಾಮಾಜಿಕ ಬದುಕಿನ ಮೇಲೆ ಧರ್ಮದ ಹಿಡಿತ ಸಡಿಲಾಗುತ್ತದೆಂಬ ಲೌಕಿಕೀಕರಣ ಸಿದ್ಧಾಂತಕ್ಕೆ ಗಟ್ಟಿಯಾದ ರೂಪ ಕೊಟ್ಟನು. ಇದಕ್ಕೆ ತದ್ವಿರುದ್ಧವಾಗಿ, 1992ರಲ್ಲಿ ರೋಜರ್ ಫಿಂಕ್ ಮತ್ತು ರಾಡ್ನಿ ಸ್ಟಾರ್ಕ್ ಧರ್ಮವನ್ನು ಪೈಪೋಟಿಯ ಸಂತೆಯಂತೆ ಕಂಡರು: ಅವರ ಲೆಕ್ಕದಲ್ಲಿ 1776ರಲ್ಲಿ ಜನಸಂಖ್ಯೆಯ ಸುಮಾರು ಶೇ. 17ರಷ್ಟು ಮಂದಿ ಮಾತ್ರ ಚರ್ಚಿಗೆ ಸೇರಿದ್ದರು. ಆ ಅನುಯಾಯಿಗಳಲ್ಲಿ ಶೇ. 3ನ್ನೂ ಮುಟ್ಟದಿದ್ದ ಮೆಥಡಿಸ್ಟರು, ಕುದುರೆಯೇರಿ ಊರೂರು ಅಲೆಯುವ ಬೋಧಕರ ದುಡಿಮೆಯಿಂದ, 1850ರ ಹೊತ್ತಿಗೆ ಮೂರನೆಯ ಒಂದು ಭಾಗವಾದರು. ಈ ಸಿದ್ಧಾಂತ ಮನಸೆಳೆಯುವಂತಿದ್ದರೂ ಭಕ್ತರನ್ನು ಗಿರಾಕಿಗಳ ಮಟ್ಟಕ್ಕಿಳಿಸಿತೆಂಬ ಆಕ್ಷೇಪ ನ್ಯಾಯವಾದುದೇ. 1993ರಲ್ಲಿ ಮತ್ತೊಂದು ಪೆಟ್ಟು ಬಿದ್ದಿತು. ವಾರವಾರ ಪ್ರಾರ್ಥನೆಗೆ ಹೋಗುತ್ತೇವೆಂದು ಸಮೀಕ್ಷೆಗಳಲ್ಲಿ ಹೇಳುವವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ನಿಜವಾಗಿ ಹೋಗುತ್ತಾರೆಂದು ಹ್ಯಾಡವೇ, ಮಾರ್ಲರ್ ಮತ್ತು ಚಾವ್ಸ್ ತಲೆಯೆಣಿಸಿ ತೋರಿಸಿದರು. ಬರ್ಗರ್ 1999ರಲ್ಲಿ ತನ್ನ ಹಳೆಯ ಸಿದ್ಧಾಂತವನ್ನು ಹಿಂತೆಗೆದುಕೊಂಡದ್ದು ವಿದ್ವತ್ತಿನ ಪ್ರಾಮಾಣಿಕತೆಗೆ ನಿದರ್ಶನ.

ಈ ವಾಗ್ವಾದದ ಹೊರಗೆ ನಡೆದ ಕೆಲಸವೇ ಬಹುಶಃ ಹೆಚ್ಚು ಬಾಳುವಂಥದು. ಗುಲಾಮರು ಯಜಮಾನರ ಕಣ್ಣುತಪ್ಪಿಸಿ ಕಾಡಿನ ಮರೆಯಲ್ಲಿ ಕೂಡಿ ನಡೆಸುತ್ತಿದ್ದ ಪ್ರಾರ್ಥನೆಯ ಚರಿತ್ರೆಯನ್ನು 1978ರಲ್ಲಿ ಆಲ್ಬರ್ಟ್ ರಬೊಟೊ ಬರೆದನು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಇಟಾಲಿಯನ್ ವಲಸಿಗರು ಬೀದಿಬೀದಿಗಳಲ್ಲಿ ನಡೆಸುತ್ತಿದ್ದ ಮೇರಿಯಮ್ಮನ ಉತ್ಸವವನ್ನು 1985ರಲ್ಲಿ ರಾಬರ್ಟ್ ಓರ್ಸಿ ಅಧ್ಯಯನದ ಕೇಂದ್ರಕ್ಕೆ ತಂದನು. 1965ರ ವಲಸೆ ಕಾಯಿದೆಯ ತರುವಾಯ ಬಂದ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್ ಸಮುದಾಯಗಳನ್ನು ದಾಖಲಿಸಲು ಡಯಾನಾ ಎಕ್ 1991ರಲ್ಲಿ ಹಾರ್ವರ್ಡ್‌ನಲ್ಲಿ ಯೋಜನೆಯೊಂದನ್ನು ಆರಂಭಿಸಿದಳು.

ಇತ್ತೀಚಿನ ದಶಕಗಳ ಚರ್ಚೆ ‘ಯಾವುದೂ ಇಲ್ಲ’ವೆನ್ನುವವರ, ಅಂದರೆ ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಉತ್ತರಿಸುವವರ, ಸುತ್ತ ನಡೆದಿದೆ. ಪ್ಯೂ ಸಂಸ್ಥೆಯ ಸಮೀಕ್ಷೆಗಳಂತೆ 2007ರಲ್ಲಿ ಶೇ. 16ರಷ್ಟಿದ್ದ ಇವರು 2023-24ಕ್ಕೆ ಶೇ. 29ಕ್ಕೆ ಏರಿದರು; ಕ್ರೈಸ್ತರು ಶೇ. 78ರಿಂದ 62ಕ್ಕೆ ಇಳಿದರು. ಚರ್ಚು ಸಂಪ್ರದಾಯಸ್ಥ ರಾಜಕಾರಣದೊಡನೆ ಬೆರೆತದ್ದರಿಂದ ಮಧ್ಯಮಪಂಥೀಯರೂ ಉದಾರವಾದಿಗಳೂ ಅದರ ಹೆಸರನ್ನೇ ತೊರೆದರೆಂದು 2002ರಲ್ಲಿ ಮೈಕೆಲ್ ಹೌಟ್ ಮತ್ತು ಕ್ಲಾಡ್ ಫಿಶರ್ ಮಂಡಿಸಿದ ವಿವರಣೆಯು ಟಾಕ್‌ವಿಲ್‌ನ ಎಚ್ಚರಿಕೆಗೆ ಬಹಳ ಹತ್ತಿರವಾದದ್ದು. ಆದರೆ ಚರ್ಚನ್ನು ತೊರೆದ ಇವರಲ್ಲಿ ಅನೇಕರು ದೇವರನ್ನೋ ಅಗೋಚರ ಶಕ್ತಿಯೊಂದನ್ನೋ ನಂಬುತ್ತಲೇ ಇರುವುದರಿಂದ, ಈ ಬದಲಾವಣೆಯನ್ನು ನಂಬಿಕೆಯ ಕುಸಿತವೆನ್ನಬೇಕೋ ಸಂಸ್ಥೆಯ ಕುಸಿತವೆನ್ನಬೇಕೋ ಎಂಬ ವಿಷಯದಲ್ಲಿ ಸಮಾಜಶಾಸ್ತ್ರಜ್ಞರಲ್ಲಿ ಇನ್ನೂ ಒಮ್ಮತವಿಲ್ಲ.