ಖುರಾಕಿನಿಂದ ಡಬ್ಬಿಯವರೆಗೆ

ಜಮಖಂಡಿ, ಮುಧೋಳ, ಬೀಳಗಿ, ಬಾಡಗಂಡಿ ಸೀಮೆಯ ಗರಡಿಮನೆಗಳಲ್ಲಿ ಪೈಲ್ವಾನರ ಆಹಾರಕ್ಕೆ ಬೇರೆಯೇ ಹೆಸರಿದೆ: ಖುರಾಕು. ಹಾಲು, ತುಪ್ಪ, ನೆನೆಸಿ ಅರೆದ ಬಾದಾಮಿ, ಗಸಗಸೆ, ಕಾಳುಮೆಣಸು ಬೆರೆತ ಥಂಡಾಯಿ ಅದರ ಜೀವಾಳ. ದಂಡ, ಬೈಠಕ್ ಮುಗಿದ ಮೇಲೆ ಮಾಲೀಸು, ಖುರಾಕು, ನಿದ್ದೆ. ದಣಿದ ಮೈ ಮತ್ತೆ ಕಸುವು ಪಡೆಯಲು ಗರಡಿ ಕಂಡುಕೊಂಡ ಕ್ರಮ ಇದು.

ಇದರ ಬೇರು ಹಳೆಯದು. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವ್ಯಾಯಾಮಗಳ ಜೊತೆಗೆ ಅವರಿಗೆ ಅರಸನು ಒದಗಿಸಬೇಕಾದ ಪುಷ್ಟಿಕರ ಆಹಾರದ ಪ್ರಸ್ತಾಪವೂ ಇದೆ. ಮಲ್ಲನ ಹೊಟ್ಟೆ ಆಸ್ಥಾನದ ಹೊಣೆಯಾಗಿತ್ತು. ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯ ಈ ಪರಂಪರೆಯ ಮುಂದುವರಿಕೆ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸೇರಿ ಇಲ್ಲಿನ ಸಂಸ್ಥಾನಗಳು 1948ರಲ್ಲಿ ವಿಲೀನಗೊಂಡವು. ರಾಜಾಶ್ರಯದ ಕಾಲ ಮುಗಿಯಿತು. ಖುರಾಕಿನ ಭಾರ ಪೈಲ್ವಾನನ ಮನೆಯವರ ಮೇಲೆ, ಊರವರ ಮೇಲೆ ಬಿತ್ತು.

ಆ ಜಾಗಕ್ಕೆ ಈಗ ಪ್ರೋಟೀನ್ ಪುಡಿಯ ಡಬ್ಬಿ ಬಂದಿದೆ. ಡಬ್ಬಿಯೇ ವಿಷವಲ್ಲ. ಗಿಣ್ಣು ತಯಾರಿಸುವಾಗ ಉಳಿಯುವ ಹಾಲಿನ ತಿಳಿನೀರಿನಿಂದ ಮಾಡಿದ ಪುಡಿಯೂ ಹಾಲಿನ ಮಗುವೇ. ವ್ಯತ್ಯಾಸವಿರುವುದು ಬೇರೆಡೆ. ಬಾದಾಮಿ ಅರೆಯುವುದು ವಸ್ತಾದರ ಕಣ್ಣೆದುರು. ಡಬ್ಬಿಯೊಳಗೆ ಏನು ಬೆರೆತಿದೆ ಎಂಬುದು ಚೀಟಿ ಓದಿದರೂ ತಿಳಿಯದಿರಬಹುದು.

ಇದಕ್ಕೆ ಕರ್ನಾಟಕ ತೆತ್ತ ಬೆಲೆ ದೊಡ್ಡದು. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಹಾಗೂ ರಿಲೇಯಲ್ಲಿ ಚಿನ್ನ ಗೆದ್ದವರು. 2011ರಲ್ಲಿ ಅವರೂ ಕೆಲವು ಸಹ ಓಟಗಾರ್ತಿಯರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಔಷಧವೇ ಕಾರಣವೆಂಬುದು ಅವರ ವಾದ. ಮೊದಲು ಒಂದು ವರ್ಷದ ನಿಷೇಧ ಬಂತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಯಾರು ಕೊಟ್ಟರೂ, ಮೈಯಲ್ಲಿ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ. ಇದು ನಿಯಮ.

ಔಷಧದ ಅಂಗಡಿಯೂ ನಿರಪಾಯವಲ್ಲ. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್, ಸ್ಪರ್ಧೆಯ ವೇಳೆ ಮೂತ್ರದಲ್ಲಿ ಮಿಲಿಲೀಟರಿಗೆ 150 ಮೈಕ್ರೋಗ್ರಾಂ ಮೀರಿದರೆ ನಿಷಿದ್ಧ. ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆಗಳಿಗೆ ನಿಷೇಧವಿಲ್ಲ. ಆದರೆ ಅವು ನೋವನ್ನು ಅಡಗಿಸುತ್ತವೆ, ಗಾಯವನ್ನು ಮಾಯಿಸುವುದಿಲ್ಲ. ತೂಕ ಇಳಿಸಲು ನೀರು ಬಿಟ್ಟ ಪೈಲ್ವಾನನ ಮೂತ್ರಪಿಂಡಕ್ಕೆ ಅವುಗಳ ಪೆಟ್ಟು ಇನ್ನೂ ಜೋರು.

ಹಾಗೆಂದು ಹಳೆಯದೆಲ್ಲ ಅಮೃತವಲ್ಲ. ಕುಸ್ತಿ ಬಿಟ್ಟ ಮೇಲೂ ಅದೇ ತುಪ್ಪ ತಿಂದರೆ ಬೊಜ್ಜು ತಪ್ಪದು. ಹೆಸರಿಲ್ಲದ ಲೇಹ್ಯಕ್ಕೂ ಹೆಸರಿಲ್ಲದ ಪುಡಿಗೂ ಭೇದವಿಲ್ಲ.

2022ರಲ್ಲಿ ಸಂಸತ್ತು ಉದ್ದೀಪನ ಮದ್ದು ತಡೆಗೆ ಕಾಯ್ದೆಯನ್ನೇ ಮಾಡಿತು. ಆದರೆ ಗರಡಿಯ ಹುಡುಗನಿಗೆ ಕಾಯ್ದೆಗಿಂತ ಮೊದಲು ಬೇಕಾದದ್ದು ಹಾಲು, ಕಾಳು, ನಿದ್ದೆ. ಜೊತೆಗೆ ಡಬ್ಬಿಯ ಚೀಟಿ ಓದಿ ಹೇಳಬಲ್ಲ ವೈದ್ಯ. ಅರಸರು ಹೊತ್ತಿದ್ದ ಆ ಹೊಣೆಯನ್ನು ಈಗ ಹೊರುವವರು ಯಾರು ಎಂಬುದೇ ಪ್ರಶ್ನೆ.