ಅಳಿಯ

ಅಳಿಯ (ನಾ. ಪು.): ಮಗಳ ಗಂಡ, ಗಂಡಸಿಗೆ ಅಕ್ಕತಂಗಿಯರ ಮಗ, ಹೆಂಗಸಿಗೆ ಅಣ್ಣತಮ್ಮಂದಿರ ಮಗ. ಕೊನೆಯ ಇಬ್ಬರನ್ನು ಪ್ರತ್ಯೇಕಿಸಿ ಹೇಳಬೇಕಾದಾಗ ‘ಸೋದರಳಿಯ’ ಎನ್ನುವುದುಂಟು. ಒಂದೇ ಪದಕ್ಕೆ ಎರಡು ನಂಟು ಅಂಟಿಕೊಂಡಿರುವುದು ಆಕಸ್ಮಿಕವಲ್ಲ. ಸೋದರಿಕೆಯ ಮದುವೆ ರೂಢಿಯಲ್ಲಿದ್ದ ಮನೆಗಳಲ್ಲಿ ಅಕ್ಕನ ಮಗನೇ ಮಗಳನ್ನು ಕೈಹಿಡಿಯುತ್ತಿದ್ದ. ಹುಟ್ಟಿನಿಂದ ಅಳಿಯನಾದವನು ಧಾರೆಯಿಂದಲೂ ಅಳಿಯನಾಗುತ್ತಿದ್ದ. ‘ಅಳಿಯ ಅಲ್ಲ, ಮಗಳ ಗಂಡ’ ಎಂಬ ಗಾದೆಯನ್ನು ಈ ಹಿನ್ನೆಲೆಯಲ್ಲಿ ಕೇಳಿದರೆ ಅದರ ಸೊಗಸು ಹೆಚ್ಚುತ್ತದೆ. ‘ಮಾವ’, ‘ಅತ್ತೆ’, ‘ಸೊಸೆ’ಗಳಿಗೂ ಇಂಥದೇ ಇಬ್ಬಗೆಯ ಅರ್ಥವಿದೆ. ತಮಿಳಿನ ‘ಮರುಮಗನ್’ ಕೂಡ ಹಾಗೆಯೇ.

ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಈ ಪದಕ್ಕೆ ಕಾನೂನಿನ ತೂಕ ಬಂತು. ಬಂಟರು, ಬಿಲ್ಲವರು ಮೊದಲಾದವರಲ್ಲಿ ಆಸ್ತಿ ತಾಯಿಯ ಕವಲಿನಲ್ಲಿ ಇಳಿಯುತ್ತಿತ್ತು. ಮಾವನ ಯಜಮಾನಿಕೆ ಅವನ ಮಗನಿಗಲ್ಲ, ಸೋದರಳಿಯನಿಗೆ ಸಲ್ಲುತ್ತಿತ್ತು. ಹೆಸರು ಅಳಿಯನದಾದರೂ ಬೇರು ಹೆಣ್ಣಿನದು ಎಂಬುದನ್ನು ಮರೆಯಬಾರದು. ಭೂತಾಳಪಾಂಡ್ಯನೆಂಬ ಅರಸ ಈ ಕಟ್ಟನ್ನು ಜಾರಿಗೆ ತಂದನೆಂಬುದು ಐತಿಹ್ಯ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯ ಪಾಲಿಗೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಹಳೆಯ ಕಟ್ಟು ಸಡಿಲಿತು.

ಚರಿತ್ರೆಯಲ್ಲಿ ಪ್ರಸಿದ್ಧನಾದ ಅಳಿಯ, ಕೃಷ್ಣದೇವರಾಯನ ಮಗಳ ಗಂಡ ರಾಮರಾಯ. 1565ರ ತಾಳಿಕೋಟೆ ಕದನದಲ್ಲಿ ಮಡಿದ ಅವನನ್ನು ಜನ ಇಂದಿಗೂ ‘ಅಳಿಯ ರಾಮರಾಯ’ ಎಂದೇ ಕರೆಯುತ್ತಾರೆ.