ಪರದೇಶದಲ್ಲಿ ಸ್ವಂತ ಹಣ

ಕ್ರಿ. ಶ. ಹನ್ನೆರಡನೆಯ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ನಮ್ಮ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನೊಬ್ಬನು ನೆಲಸಿದ್ದನು. ಉತ್ತರ ಆಫ್ರಿಕದ ಮಹ್ದಿಯಾ ಪಟ್ಟಣದಿಂದ ಬಂದ ಈತನು ಮೆಣಸು, ಅಡಕೆ, ಏಲಕ್ಕಿ, ಕಬ್ಬಿಣಗಳನ್ನು ಇಲ್ಲಿಂದ ಹಡಗಿಗೆ ಹೇರಿಸುವನು. ಕಡಲಿನಾಚೆ ಏಡನ್ ಬಂದರಿನಲ್ಲಿ ಮದ್ಮೂನ್ ಇಬ್ನ್ ಹಸನ್ ಎಂಬ ವರ್ತಕಪ್ರಮುಖನು ಆ ಸರಕನ್ನು ಮಾರಿ, ಬಂದ ಹಣವನ್ನು ಬೆನ್ ಯಿಜುವಿನ ಖಾತೆಗೆ ಜಮಾ ಮಾಡಿಕೊಂಡು, ಅದರಿಂದಲೇ ಕಾಗದ, ಸಕ್ಕರೆ, ಒಣದ್ರಾಕ್ಷಿ ಮೊದಲಾದುವನ್ನು ಕೊಂಡು ಮಂಗಳೂರಿಗೆ ಕಳುಹಿಸುವನು. ಬೆನ್ ಯಿಜುವಿಗೆ ಬೊಮ್ಮನೆಂಬ ಒಬ್ಬ ಸೇವಕನಿದ್ದನು. ಯಜಮಾನನ ಸರಕಿನೊಡನೆ ಏಡನ್ನಿಗೆ ಹೋದ ಈ ಬೊಮ್ಮನು ಅಲ್ಲಿ ಕುಡಿತಕ್ಕೆ ಬಿದ್ದು ಮತ್ತೆ ಮತ್ತೆ ಹಣ ಕೇಳಿದನೆಂದು ಮದ್ಮೂನನು ಮಂಗಳೂರಿಗೆ ದೂರಿ ಬರೆದಿದ್ದಾನೆ. ಕೊಟ್ಟುದನ್ನು ಯಜಮಾನನ ಲೆಕ್ಕಕ್ಕೆ ಬರೆದುಕೊಂಡಿದ್ದಾನೆ. ಕೈರೋ ನಗರದ ಹಳೆಯ ಯೆಹೂದ್ಯ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದುಬಂದ ಪತ್ರರಾಶಿಯಿಂದ ವಿದ್ವಾಂಸರು ಈ ಸಂಗತಿಗಳನ್ನು ಎತ್ತಿ ತೋರಿಸಿದರು. ಅಮಿತಾವ ಘೋಷರ ಗ್ರಂಥದ ಮೂಲಕ ಬೊಮ್ಮನ ಹೆಸರು ನಮ್ಮ ಕಾಲದ ಓದುಗರಿಗೂ ಪರಿಚಿತವಾಯಿತು.

ಬೊಮ್ಮನ ಕುಡಿತಕ್ಕಿಂತ ಅವನ ಕೈಗೆ ಹಣ ಬಂದ ಬಗೆಯೇ ಇಲ್ಲಿ ವಿಚಾರಾರ್ಹವಾದುದು. ಮಂಗಳೂರಿನಿಂದ ಒಂದು ನಾಣ್ಯವೂ ಕಡಲು ದಾಟಲಿಲ್ಲ. ಮಂಗಳೂರಿನವನಿಗೆ ಏಡನ್ನಿನಲ್ಲಿ ಬರಬೇಕಾದುದು ಇದ್ದಿತು, ಏಡನ್ನಿನವನಿಗೆ ಮಂಗಳೂರಿನಲ್ಲಿ ಆಗಬೇಕಾದ ಕೆಲಸವಿದ್ದಿತು. ಒಬ್ಬರ ಸರಕನ್ನು ಒಬ್ಬರು ಮಾರಿಕೊಡುವ ಈ ಉಪಕಾರಕ್ಕೆ ಆ ವರ್ತಕಸಮೂಹದಲ್ಲಿ ಕಮಿಷನ್ ತೆಗೆದುಕೊಳ್ಳದಿರುವುದೇ ವಾಡಿಕೆಯಾಗಿದ್ದಿತೆಂದು ಆ ಪತ್ರಗಳನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ ಗೊಯಿಟೈನ್ ಎಂಬ ಪಂಡಿತರು ತೋರಿಸಿದ್ದಾರೆ. ಪರಸ್ಥಳದಲ್ಲಿ ತನ್ನ ಹಣವನ್ನು ತಾನು ಪಡೆಯುವುದಕ್ಕಾಗಿ ಮನುಷ್ಯನು ತೆತ್ತ ಸುಂಕದ ಚರಿತ್ರೆಯನ್ನು ಎಲ್ಲಿಂದ ನೋಡಿದರೂ ಕಾಣುವ ಸತ್ಯವೊಂದೇ: ಎದುರುಬದುರಾಗಿ ಹರಿಯುವ ಎರಡು ಲೆಕ್ಕಗಳು ಎಲ್ಲಿ ಸಂಧಿಸುತ್ತವೆಯೋ ಅಲ್ಲಿ ಸುಂಕವು ತಗ್ಗುತ್ತದೆ, ಕೆಲವೊಮ್ಮೆ ಇಲ್ಲವೇ ಆಗುತ್ತದೆ, ಆ ಸಂಧಿಸ್ಥಾನದಲ್ಲಿ ಬೇರೊಬ್ಬನು ಕುಳಿತು ತನ್ನ ಪಾಲನ್ನು ಕೇಳತೊಡಗಿದಾಗ ಅದು ಏರುತ್ತದೆ.

ಬೊಮ್ಮನಿಗಿಂತ ಸುಮಾರು ಒಂದು ಶತಮಾನ ಹಿಂದೆ ಪಾರಸೀಕ ಕವಿ ನಾಸಿರ್ ಖುಸ್ರೋ ಮೆಕ್ಕಾಯಾತ್ರೆಗಾಗಿ ಕೆಂಪು ಸಮುದ್ರದ ಐದಾಬ್ ಬಂದರಿಗೆ ಬಂದು, ಅನುಕೂಲವಾದ ಗಾಳಿಗಾಗಿ ತಿಂಗಳುಗಟ್ಟಲೆ ಕಾದು, ಕೈಯಲ್ಲಿದ್ದುದೆಲ್ಲವನ್ನೂ ಕಳೆದುಕೊಂಡನು. ಅಸ್ವಾನಿನ ಮಿತ್ರನೊಬ್ಬನು ಐದಾಬಿನ ತನ್ನ ಗುಮಾಸ್ತನಿಗೆ, ಈತನು ಕೇಳಿದುದನ್ನು ಕೊಟ್ಟು ರಶೀದಿ ಪಡೆಯತಕ್ಕದ್ದೆಂದು ಬರೆದ ಒಂದು ಚೀಟಿ ಅವನಲ್ಲಿದ್ದಿತು. ಅದನ್ನು ತೋರಿಸಿ ಅವನು ಹಿಟ್ಟನ್ನು ಪಡೆದು ಆ ಕಷ್ಟಕಾಲವನ್ನು ದಾಟಿದನು. ಅಪರಿಚಿತ ಊರಿನಲ್ಲಿ ಆ ತುಣುಕು ಕಾಗದ ತನಗೆ ಎಂತಹ ಆಸರೆಯಾಯಿತೆಂಬುದನ್ನು ಆತನು ತನ್ನ ಪ್ರವಾಸಗ್ರಂಥದಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾನೆ.

ಮಿತ್ರರಿಲ್ಲದವರ ಪಾಡೇನು? ಈ ಪ್ರಶ್ನೆಗೆ ಚೀನಾದೇಶದ ತಾಂಗ್ ರಾಜವಂಶದ ಕಾಲದಲ್ಲಿ ಉತ್ತರವೊಂದು ಹುಟ್ಟಿತು. ದಕ್ಷಿಣ ಪ್ರಾಂತಗಳ ಚಹಾ ವರ್ತಕರು ರಾಜಧಾನಿಯಲ್ಲಿ ಸರಕನ್ನು ಮಾರಿದ ಮೇಲೆ, ದಾರಕ್ಕೆ ಪೋಣಿಸಿದ ತಾಮ್ರದ ಕಾಸುಗಳ ಹೊರೆಯನ್ನು ಬೆಟ್ಟ ಹೊಳೆಗಳನ್ನು ದಾಟಿಸಿ ಮನೆಗೆ ಒಯ್ಯಬೇಕಾಗುತ್ತಿದ್ದಿತು. ಅದೇ ಪ್ರಾಂತಗಳ ಅಧಿಕಾರಿಗಳು ರಾಜಧಾನಿಗೆ ಸಲ್ಲಬೇಕಾದ ಕಂದಾಯವನ್ನು ಅದೇ ದಾರಿಯಲ್ಲಿ ವಿರುದ್ಧ ದಿಕ್ಕಿಗೆ ಸಾಗಿಸಬೇಕಾಗಿದ್ದಿತು. ವರ್ತಕನು ರಾಜಧಾನಿಯಲ್ಲಿದ್ದ ಪ್ರಾಂತದ ಕಚೇರಿಗೆ ಹಣ ಕಟ್ಟಿ, ಎರಡು ಭಾಗವಾಗಿ ಹರಿದ ಪತ್ರದ ಒಂದು ಭಾಗವನ್ನು ಪಡೆದು, ಊರಿನಲ್ಲಿ ಅದನ್ನು ಇನ್ನೊಂದು ಭಾಗದೊಡನೆ ಜೋಡಿಸಿ ತೋರಿಸಿ ಹಣವನ್ನು ತೆಗೆದುಕೊಳ್ಳತೊಡಗಿದನು. ಹಾರುವ ಹಣವೆಂದು ಜನರು ಅದನ್ನು ಕರೆದರು. ಕ್ರಿ. ಶ. 812ರಲ್ಲಿ ಕೇಂದ್ರ ಸರ್ಕಾರವು ಈ ವ್ಯವಹಾರವನ್ನು ತಾನೇ ವಹಿಸಿಕೊಂಡು ಸಾವಿರ ಕಾಸಿಗೆ ನೂರು ಕಾಸಿನಂತೆ ಶುಲ್ಕವನ್ನು ವಿಧಿಸಿತು. ವರ್ತಕರು ಬರಲೇ ಇಲ್ಲ. ಸರ್ಕಾರವು ಶುಲ್ಕವನ್ನು ತೆಗೆದುಹಾಕಿ ಸಮಕ್ಕೆ ಸಮನಾಗಿ ಪಾವತಿ ಮಾಡಬೇಕಾಯಿತು. ಬೇರೆ ದಾರಿಯುಳ್ಳ ಗಿರಾಕಿಯ ಶಕ್ತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆನು.

ನಮ್ಮ ದೇಶದಲ್ಲಿ ಈ ಕಾರ್ಯವನ್ನು ನಿರ್ವಹಿಸಿದುದು ಹುಂಡಿ. ತೋರಿಸಿದೊಡನೆ ಸಲ್ಲುವ ದರ್ಶನಿ ಹುಂಡಿ, ಗೊತ್ತುಪಡಿಸಿದ ಅವಧಿಯ ಮೇಲೆ ಸಲ್ಲುವ ಮುದ್ದತಿ ಹುಂಡಿ, ಊರಿನ ಪ್ರತಿಷ್ಠಿತ ಸಾಹುಕಾರನ ಮುಖಾಂತರವೇ ಪಾವತಿಯಾಗಬೇಕಾದ ಷಾಜೋಗಿ ಹುಂಡಿ ಎಂಬ ಭೇದಗಳು ಅದರಲ್ಲಿದ್ದುವು. ಹುಂಡಿ ದಾರಿಯಲ್ಲಿ ಕಳೆದುಹೋದರೆ ಪೈಠವೆಂಬ ಎರಡನೆಯ ಪ್ರತಿಯನ್ನೂ, ಅದೂ ಕಳೆದರೆ ಪರಪೈಠವೆಂಬ ಮೂರನೆಯ ಪ್ರತಿಯನ್ನೂ ಬರೆದುಕೊಡುವ ಪದ್ಧತಿಯಿದ್ದಿತು. ದ್ವಾರಕೆಗೆ ಹೊರಟ ಯಾತ್ರಿಕರು ಕಳ್ಳರ ಭಯದಿಂದ ಜುನಾಗಢದ ಭಕ್ತಕವಿ ನರಸಿಂಹ ಮೆಹತಾನಲ್ಲಿ ಹಣವಿಟ್ಟು ಹುಂಡಿ ಬರೆಸಿಕೊಂಡರೆಂದೂ, ಅವನು ದ್ವಾರಕೆಯ ಶಾಮಳಶಾ ಸೇಠನ ಹೆಸರಿಗೆ ಬರೆಯಲು ಸ್ವಯಂ ಶ್ರೀಕೃಷ್ಣನೇ ಸೇಠನಾಗಿ ಬಂದು ಅದನ್ನು ಸಲ್ಲಿಸಿದನೆಂದೂ ಗುಜರಾತಿನ ಜನ ಇಂದಿಗೂ ಹೇಳುತ್ತಾರೆ. ಭಗವಂತನ ಭಕ್ತವಾತ್ಸಲ್ಯವನ್ನು ಹಾಡಬಯಸಿದ ಜನತೆ ಅದಕ್ಕೆ ಒಂದು ಹುಂಡಿಯನ್ನು ಆರಿಸಿಕೊಂಡಿತೆಂದರೆ, ದೂರದೂರಿನಲ್ಲಿ ಕೊಟ್ಟ ಮಾತು ಸಲ್ಲುವುದೆಂಬ ನಂಬಿಕೆಗೆ ಆ ಸಮಾಜದಲ್ಲಿ ಎಂತಹ ಸ್ಥಾನವಿದ್ದಿರಬೇಕು!

ಹುಂಡಿಯ ದರವೆಷ್ಟಿದ್ದಿತೆಂಬುದನ್ನು ಹದಿನೇಳನೆಯ ಶತಮಾನದ ಫ್ರೆಂಚ್ ವಜ್ರವ್ಯಾಪಾರಿ ತಾವೆರ್ನಿಯೆ 1676ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಊರೂರಿಗೂ ಬರೆದಿಟ್ಟಿದ್ದಾನೆ. ಸೂರತ್ತಿನಲ್ಲಿ ಸಲ್ಲಬೇಕಾದ ಹುಂಡಿಯ ಮೇಲೆ ಲೇವಾದೇವಿಯ ಸರಾಫನು ಮುಂಗಡವಾಗಿ ಹಣ ಕೊಡುವುದಕ್ಕೆ ಅಹಮದಾಬಾದಿನಲ್ಲಿ ನೂರಕ್ಕೆ ಒಂದರಿಂದ ಒಂದೂವರೆ, ಬುರ್ಹಾನಪುರದಲ್ಲಿ ಎರಡೂವರೆಯಿಂದ ಮೂರು, ನಮ್ಮ ಬಿಜಾಪುರದಲ್ಲಿ ಮೂರು, ಆಗ್ರಾದಲ್ಲಿ ನಾಲ್ಕೂಕಾಲರಿಂದ ಐದು, ಲಾಹೋರಿನಲ್ಲಿ ಆರೂಕಾಲು, ದೂರದ ಢಾಕಾದಲ್ಲಿ ಹತ್ತು. ದಾರಿಯ ಮೇಲಿನ ಅರಸರು ತಮ್ಮತಮ್ಮ ಸೀಮೆಯಲ್ಲಿಯೇ ಸರಕು ಹಾದುಹೋಗಿ ತಮಗೇ ಸುಂಕ ಸಲ್ಲಬೇಕೆಂದು ಅಡ್ಡಿಮಾಡಿದಾಗ ಈ ದರವು ಇನ್ನೂ ಒಂದೆರಡು ಅಂಶ ಏರುತ್ತಿದ್ದಿತು. ಈ ಮೂರಾಗಲಿ ಐದಾಗಲಿ ಕೇವಲ ಸರಾಫನ ಲಾಭವಲ್ಲವೆಂಬುದನ್ನು ನೆನಪಿಡಬೇಕು: ಅವಧಿಯ ಬಡ್ಡಿ, ದಾರಿಯ ಅಪಾಯ, ಆ ಋತುವಿನಲ್ಲಿ ಆ ಊರಿನಲ್ಲಿ ಹಣಕ್ಕಿರುವ ಅಭಾವ, ಇಷ್ಟೂ ಅದರೊಳಗಿದ್ದುವು. ಹೆಚ್ಚಾಗಿ, ದರವು ಮೊದಲೇ ತಿಳಿದಿರುತ್ತಿದ್ದಿತು. ಒಪ್ಪಿಗೆಯಾದರೆ ಬರೆಸಬಹುದು, ಇಲ್ಲವಾದರೆ ಪಕ್ಕದ ಗದ್ದಿಗೆಗೆ ಹೋಗಬಹುದು.

ಆ ಕಾಲದ ವ್ಯವಸ್ಥೆಯಲ್ಲಿ ಕ್ಲೇಶವಿರಲಿಲ್ಲವೆಂದು ಹೇಳುವಂತಿಲ್ಲ. ಹೊಸದಾಗಿ ಟಂಕಿಸಿದ ಸಿಕ್ಕಾ ರೂಪಾಯಿಗೆ ಪೂರ್ಣ ಬೆಲೆ, ಹಳೆಯದಕ್ಕೆ ವಟ್ಟ. ಸಾವಿರದ ಎಂಟುನೂರರ ಸುಮಾರಿನ ಮೈಸೂರು ಸೀಮೆಯಲ್ಲಿ ಇಕ್ಕೇರಿ ವರಹ, ಬಹದ್ದೂರಿ ವರಹ, ಕಂಠೀರಾಯಿ ಹಣ, ಸುಲ್ತಾನಿ ಹಣ ಎಲ್ಲವೂ ಒಟ್ಟಿಗೆ ಚಲಾವಣೆಯಲ್ಲಿದ್ದುವು. ಹೀಗಿರುವಲ್ಲಿ, ಸಂತೆಗೆ ಬಂದ ರೈತನು ತನ್ನ ಊರನ್ನು ಬಿಟ್ಟು ಹೆಚ್ಚು ದೂರ ಹೋಗದೆಯೇ ಪರದೇಶದ ಪ್ರಯಾಣಿಕನಿಗೆ ಒದಗುವ ನಷ್ಟವನ್ನು ಅನುಭವಿಸಬೇಕಾಗಿದ್ದಿತು. ಇದು ಕನಿಕರಪಡತಕ್ಕ ಸ್ಥಿತಿ. ಏಕರೂಪದ ನಾಣ್ಯವು ಬಂದುದು ಬಡವನ ಪಾಲಿಗೆ ನಿಜವಾದ ಉಪಕಾರವಾಯಿತು.

ಯುರೋಪಿನಲ್ಲಿ ಇದೇ ಸಮಸ್ಯೆಯನ್ನು ಸಾಮಾನ್ಯ ಪ್ರಯಾಣಿಕನ ದೃಷ್ಟಿಯಿಂದ ಬಿಡಿಸಲೆತ್ನಿಸಿದವನು ರಾಬರ್ಟ್ ಹೆರೀಸ್ ಎಂಬ ಸ್ಕಾಟ್ಲೆಂಡ್ ಮೂಲದ ವರ್ತಕ. ಅಂದಿನ ಶ್ರೀಮಂತ ಪ್ರಯಾಣಿಕರು ತಮ್ಮ ಬ್ಯಾಂಕಿನವನಿಂದ ಇಂಥ ಊರಿನ ಇಂಥ ಸಾಹುಕಾರನ ಹೆಸರಿಗೆ ಪತ್ರ ಬರೆಸಿಕೊಂಡು ಹೊರಡುತ್ತಿದ್ದರು. ದಾರಿ ಬದಲಾದರೆ ಪತ್ರವು ವ್ಯರ್ಥ, ಸಲ್ಲಿದ ಕಡೆಯಲ್ಲಿಯೂ ಪ್ರತಿಯೊಬ್ಬ ಸಾಹುಕಾರನಿಗೂ ಕಮಿಷನ್. ಹೆರೀಸನ ಸಂಸ್ಥೆಯು 1772ರ ಜನವರಿ 1ರಂದು ಹೊರಡಿಸಿದ ಪತ್ರಗಳು ಸುಮಾರು ತೊಂಬತ್ತು ಪಟ್ಟಣಗಳಲ್ಲಿ, ಪ್ರಯಾಣಿಕನು ತನಗೆ ಬೇಕಾದಲ್ಲಿ, ಕಮಿಷನ್ ಇಲ್ಲದೆ, ಆ ದಿನದ ವಿನಿಮಯ ದರದಲ್ಲಿ ಸಲ್ಲುತ್ತಿದ್ದುವು. ಪತ್ರಗಳೊಡನೆ ಪ್ರಯಾಣಿಕನ ರುಜುವನ್ನುಳ್ಳ ಪರಿಚಯಪತ್ರವೊಂದಿರುತ್ತಿದ್ದಿತು. ಒಂದು ಕಳುವಾದರೆ ಇನ್ನೊಂದು ಕಳ್ಳನ ಕೈಗೆ ಸಿಕ್ಕದಂತೆ ಅವೆರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ವಿವೇಕವೆನಿಸಿತ್ತು. ಕಮಿಷನ್ ಇಲ್ಲದ ಮೇಲೆ ಹೆರೀಸನಿಗೆ ಲಾಭವೆಲ್ಲಿಂದ ಬಂದಿತು? ಪ್ರಯಾಣಿಕನು ಲಂಡನ್ನಿನಲ್ಲಿ ಹಣ ಕಟ್ಟಿದ ದಿನಕ್ಕೂ, ಅವನು ರೋಮಿನಲ್ಲಿಯೋ ವಿಯೆನ್ನಾದಲ್ಲಿಯೋ ಅದನ್ನು ಪಡೆದು ಲೆಕ್ಕವು ಹಿಂತಿರುಗುವ ದಿನಕ್ಕೂ ನಡುವೆ ತಿಂಗಳುಗಳಿದ್ದುವು. ಅಷ್ಟು ಕಾಲ ಆ ಹಣವು ಬಡ್ಡಿಯಿಲ್ಲದೆ ಅವನಲ್ಲಿಯೇ ಇರುತ್ತಿದ್ದಿತು. ಗಿರಾಕಿಯನ್ನು ಸುಲಿಯದೆ ಬ್ಯಾಂಕು ಬದುಕಬಲ್ಲದೆಂಬುದನ್ನು ತೋರಿಸಿದ ಈ ಯೋಜನೆಯನ್ನು ಬ್ಯಾಂಕಿಂಗಿನ ಇತಿಹಾಸದ ಸೌಜನ್ಯಯುತ ಕಲ್ಪನೆಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಥಾಮಸ್ ಕುಕ್ ಕಂಪನಿಯು 1874ರಲ್ಲಿ ಇದೇ ಬಗೆಯ ಪತ್ರಗಳನ್ನು ತನ್ನ ಪ್ರವಾಸಿಗಳಿಗೆ ಕೊಡತೊಡಗಿತು. ಆದರೆ ದೊಡ್ಡ ಹೆಜ್ಜೆಯನ್ನಿಟ್ಟುದು ಅಮೆರಿಕನ್ ಎಕ್ಸ್‌ಪ್ರೆಸ್. ಆ ಕಂಪನಿಯ ಅಧ್ಯಕ್ಷನಾದ ಜೇಮ್ಸ್ ಫಾರ್ಗೋ ಯುರೋಪಿನ ಪ್ರವಾಸದಲ್ಲಿ ದೊಡ್ಡ ನಗರಗಳನ್ನು ಬಿಟ್ಟು ಹೊರಟೊಡನೆ ತನ್ನಲ್ಲಿದ್ದ ಬ್ಯಾಂಕಿನ ಪತ್ರಗಳು ನಿರುಪಯುಕ್ತವಾದುದನ್ನು ಕಂಡು ಕೆರಳಿ, ಹಿಂತಿರುಗಿದ ಮೇಲೆ ಪರಿಹಾರವನ್ನು ಹುಡುಕುವಂತೆ ಮಾರ್ಸೆಲಸ್ ಬೆರ್ರಿ ಎಂಬ ಅಧಿಕಾರಿಗೆ ಹೇಳಿದನು. ಬೆರ್ರಿಯ ಉಪಾಯ ಅತಿ ಸರಳವಾದುದು: ಕೊಳ್ಳುವಾಗ ಚೆಕ್ಕಿನ ಮೇಲೆ ಒಂದು ರುಜು, ನಗದು ಪಡೆಯುವಾಗ ಕೊಡುವವನ ಕಣ್ಣೆದುರಿಗೆ ಅದೇ ಚೆಕ್ಕಿನ ಮೇಲೆ ಇನ್ನೊಂದು ರುಜು, ಎರಡೂ ಹೊಂದಿದರೆ ಹಣ. ಪರಿಚಯಪತ್ರವು ಅನಾವಶ್ಯಕವಾಯಿತು, ಬ್ಯಾಂಕಿನ ಬಾಗಿಲೂ ಅನಾವಶ್ಯಕವಾಯಿತು. 1891ರ ಆಗಸ್ಟಿನಲ್ಲಿ ಮೊದಲ ಚೆಕ್ಕು ಸಲ್ಲಿದುದು ಜರ್ಮನಿಯ ಲೈಪ್ಸಿಗ್ ಪಟ್ಟಣದ ಒಂದು ಹೋಟೆಲಿನಲ್ಲಿ. ಇದಕ್ಕಿಂತ ಮಹತ್ತ್ವದ್ದು ಆ ಚೆಕ್ಕಿನ ಮುಖದ ಮೇಲೆ ಅಚ್ಚಾಗಿದ್ದ ಅಂಕಿಗಳು. ಡಾಲರಿಗೆ ಸಮನಾಗಿ ಇಷ್ಟು ಪೌಂಡು ಷಿಲಿಂಗು, ಇಷ್ಟು ಫ್ರಾಂಕು, ಇಷ್ಟು ಮಾರ್ಕು ಎಂದು ದೇಶದೇಶಕ್ಕೂ ಅಲ್ಲಿಯೇ ಮುದ್ರಿತವಾಗಿದ್ದಿತು. ಪ್ರಮುಖ ದೇಶಗಳ ನಾಣ್ಯಗಳೆಲ್ಲ ಚಿನ್ನಕ್ಕೆ ಬಿಗಿದಿದ್ದುದರಿಂದ ಅಂತಹ ವಾಗ್ದಾನವು ಸಾಧ್ಯವಾಯಿತು. ಹಳ್ಳಿಯ ವಸತಿಗೃಹದ ಒಡೆಯನು ದರವನ್ನು ತನ್ನ ಮನಬಂದಂತೆ ಹೇಳುವಂತಿರಲಿಲ್ಲ. ಪ್ರಯಾಣಿಕನು ಬೆರಳಿಟ್ಟು ತೋರಿಸಬಹುದಾಗಿದ್ದಿತು.

1914ರ ಮಹಾಯುದ್ಧವು ಆ ಭದ್ರತೆಯನ್ನು ಕೆಡಿಸಿತು. ಯುರೋಪಿನ ಬ್ಯಾಂಕುಗಳು ಬಾಗಿಲು ಮುಚ್ಚಿದುವು. ಸಾವಿರಾರು ಅಮೆರಿಕನ್ ಪ್ರವಾಸಿಗಳು ಕೈಯಲ್ಲಿ ಬೆಲೆಬಾಳುವ ಪತ್ರಗಳಿದ್ದರೂ ಊಟಕ್ಕೆ ದಿಕ್ಕಿಲ್ಲದೆ ನಿಂತರು. ಎಕ್ಸ್‌ಪ್ರೆಸ್ ಕಂಪನಿಯು ತನ್ನ ಚೆಕ್ಕುಗಳನ್ನು ಆಗಲೂ ಸಲ್ಲಿಸುತ್ತಿದ್ದಿತು, ಅದರ ಕೀರ್ತಿಗೆ ಅದೇ ತಳಹದಿಯಾಯಿತು. ಆದರೂ ಅಮೆರಿಕ ಸರ್ಕಾರವು ಟೆನ್ನೆಸ್ಸೀ ಎಂಬ ಯುದ್ಧನೌಕೆಯಲ್ಲಿ ಚಿನ್ನವನ್ನೇ ತುಂಬಿ ಕಳುಹಿಸಬೇಕಾಯಿತು. ನಾಣ್ಯವು ಕಡಲು ದಾಟದಿರಲೆಂದು ಸಾವಿರ ವರ್ಷ ವರ್ತಕರು ಕಟ್ಟಿದ ಏರ್ಪಾಡುಗಳೆಲ್ಲ ಪರಸ್ಪರ ವಿಶ್ವಾಸದ ಮೇಲೆ ನಿಂತಿದ್ದುವೆಂಬುದು ಆ ಒಂದು ತಿಂಗಳಿನಲ್ಲಿ ವ್ಯಕ್ತವಾಯಿತು.

ಸ್ವಾತಂತ್ರ್ಯಾನಂತರದ ಭಾರತೀಯನಿಗೆ ಶುಲ್ಕದ ಚಿಂತೆಗಿಂತ ಹಣ ಸಿಕ್ಕುವುದೇ ದೊಡ್ಡ ಚಿಂತೆಯಾಗಿದ್ದಿತು. ವಿದೇಶಿ ವಿನಿಮಯದ ಬಿಗಿಯಾದ ಕಾನೂನುಗಳ ದೆಸೆಯಿಂದ, ಎಪ್ಪತ್ತರ ದಶಕದ ಸುಮಾರಿನಲ್ಲಿ ವಿಮಾನ ಹತ್ತಿದ ಎಷ್ಟೋ ವಿದ್ಯಾರ್ಥಿಗಳು ಎಂಟು ಡಾಲರನ್ನು ಜೇಬಿನಲ್ಲಿಟ್ಟುಕೊಂಡು ಅಮೆರಿಕದಲ್ಲಿ ಇಳಿದರು. ಕೊಲ್ಲಿಯ ದೇಶಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಜನರಲ್ಲಿ ಕೆಲವರು ಮನೆಗೆ ಹಣ ಕಳುಹಿಸಲು ಹವಾಲಾ ದಾರಿಯನ್ನು ಹಿಡಿದುದೂ ಉಂಟು. ಲೆಕ್ಕಕ್ಕೆ ಲೆಕ್ಕ ತೀರಿಸುವ ಪ್ರಾಚೀನ ವಿಧಾನವೇ ಅದಾದರೂ ಈಗ ಅದು ಕಾನೂನಿಗೆ ವಿರುದ್ಧ, ಮೋಸ ಹೋದವನಿಗೆ ನ್ಯಾಯ ಕೇಳುವ ಸ್ಥಳವೂ ಇಲ್ಲ. ರಿಸರ್ವ್ ಬ್ಯಾಂಕು 2004ರಲ್ಲಿ ವರ್ಷಕ್ಕೆ 25,000 ಡಾಲರಿನವರೆಗೆ ಹೊರಗೆ ಕಳುಹಿಸಲು ವ್ಯಕ್ತಿಗಳಿಗೆ ಅನುಮತಿಯಿತ್ತಿತು. ಇಂದು ಆ ಮಿತಿ 2,50,000 ಡಾಲರು.

ಗೋಡೆಯಲ್ಲಿನ ಯಂತ್ರದಿಂದ ಹಣ ತೆಗೆಯುವ ಕ್ರಮವು 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್ ಬಡಾವಣೆಯಲ್ಲಿ ಮೊದಲಾಯಿತು. ಅದನ್ನು ರೂಪಿಸಿದ ಜಾನ್ ಷೆಫರ್ಡ್-ಬ್ಯಾರನ್ ಹುಟ್ಟಿದುದು ನಮ್ಮ ಷಿಲ್ಲಾಂಗಿನಲ್ಲಿ. ಅದರಲ್ಲಿ ಒಂದು ಸಲಕ್ಕೆ ಹತ್ತು ಪೌಂಡು ಮಾತ್ರ ಸಿಕ್ಕುತ್ತಿದ್ದಿತು. ಮುಂದೆ ಇಂತಹ ಯಂತ್ರಗಳು ದೇಶದೇಶಗಳ ನಡುವೆ ತಂತಿಯಿಂದ ಬೆಸೆದುಕೊಂಡ ಮೇಲೆ, ಕಾರ್ಡೊಂದಿದ್ದರೆ ಲೈಪ್ಸಿಗ್ಗಿನಲ್ಲಾಗಲಿ ಸಿಂಗಪುರದಲ್ಲಾಗಲಿ ನಮ್ಮ ಖಾತೆಯ ಹಣ ನಿಮಿಷದಲ್ಲಿ ಕೈಸೇರುವಂತಾಯಿತು.

ಇದರ ಬೆಲೆಯನ್ನು ಮಾತ್ರ ಸಮಾಧಾನದಿಂದ ಪರಿಶೀಲಿಸಬೇಕು. ನಮ್ಮ ದೇಶದ ಅನೇಕ ಕಾರ್ಡುಗಳು ವಿದೇಶೀ ವ್ಯವಹಾರಕ್ಕೆ ನೂರಕ್ಕೆ ಎರಡರಿಂದ ಮೂರೂವರೆಯವರೆಗೆ ಮಾರ್ಕಪ್ ಎಂಬ ಹೆಚ್ಚುವರಿಯನ್ನು ಹಾಕುತ್ತವೆ, ಅದರ ಮೇಲೆ ತೆರಿಗೆ ಬೇರೆ. ನಗದು ತೆಗೆದರೆ ನಮ್ಮ ಬ್ಯಾಂಕಿನ ಶುಲ್ಕ ಒಂದು, ಯಂತ್ರದ ಒಡೆಯನ ಶುಲ್ಕ ಇನ್ನೊಂದು. ತಾವೆರ್ನಿಯೆಯ ಕಾಲದ ಬಿಜಾಪುರದ ಸರಾಫನು ನೂರಕ್ಕೆ ಮೂರನ್ನು ತೆಗೆದುಕೊಂಡು, ಸೂರತ್ತಿನಲ್ಲಿ ತಿಂಗಳುಗಳ ಮೇಲೆ ಬರಲಿರುವ ಹಣಕ್ಕಾಗಿ ಕಾಯುತ್ತಿದ್ದನು. ಆ ನಡುವೆ ಯುದ್ಧವಾಗಬಹುದು, ಸಾಲಗಾರನು ದಿವಾಳಿಯಾಗಬಹುದು. ಇಂದಿನ ಬ್ಯಾಂಕಿಗೆ ಅಂತಹ ಕಾಯುವಿಕೆಯಿಲ್ಲ, ಅಂತಹ ಭಯವೂ ಇಲ್ಲ; ಆದರೂ ದರವು ಅದೇ ಮಟ್ಟದಲ್ಲಿರುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಮಾರ್ಕಪ್ ಇಲ್ಲದ ಕಾರ್ಡುಗಳೂ ಈಚೆಗೆ ಬಂದಿರುವುದು ಸಂತೋಷದ ವಿಷಯ. ಬೇರೆ ದಾರಿಯುಳ್ಳ ಗಿರಾಕಿಗೆ ಚೀನಾದಲ್ಲಿ ದೊರೆತ ಫಲವೇ ಇಲ್ಲಿಯೂ ದೊರೆಯುತ್ತಿದೆ. ಹೊರಡುವ ಮೊದಲು ಕಾರ್ಡಿನ ದರಪಟ್ಟಿಯನ್ನು ಓದಿ, ನಗದನ್ನು ಸಣ್ಣಸಣ್ಣ ಕಂತುಗಳಲ್ಲಿ ತೆಗೆಯದೆ ಒಮ್ಮೆಗೆ ತೆಗೆಯುವವನಿಗೆ ಪ್ರತಿ ಸಲದ ಶುಲ್ಕವಾದರೂ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಪರದೇಶದ ಯಂತ್ರವೋ ಅಂಗಡಿಯ ಉಪಕರಣವೋ ವಿನಯದಿಂದ ಕೇಳುವ ಒಂದು ಪ್ರಶ್ನೆಯ ಮುಂದೆ: ಲೆಕ್ಕವನ್ನು ಇಲ್ಲಿಯ ನಾಣ್ಯದಲ್ಲಿ ಮಾಡಲೋ, ನಿಮ್ಮ ರೂಪಾಯಿಯಲ್ಲಿ ಮಾಡಲೋ ಎಂದು ಪರದೆಯ ಮೇಲೆ ಎರಡು ಗುಂಡಿಗಳು ಮೂಡುತ್ತವೆ. ರೂಪಾಯಿಯನ್ನು ಕಂಡು ಪರಿಚಿತರನ್ನು ಕಂಡಂತೆ ಕೈ ಅತ್ತ ಹೋಗುವುದು ಸಹಜ. ಆದರೆ ಅದನ್ನು ಒತ್ತಿದರೆ ವಿನಿಮಯದ ದರವನ್ನು ನಿಶ್ಚಯಿಸುವವನು ಆ ಯಂತ್ರದ ಕಡೆಯವನು. ಅವನ ಪಾಲು ಶುಲ್ಕವೆಂಬ ಹೆಸರಿನಿಂದ ರಶೀದಿಯಲ್ಲಿ ಕಾಣದೆ ದರದೊಳಗೇ ಅಡಗಿರುತ್ತದೆ, ಮತ್ತು ಅದು ಕಾರ್ಡಿನ ಮಾರ್ಕಪ್ಪಿಗಿಂತಲೂ ಅನೇಕ ವೇಳೆ ಭಾರವಾದುದು. ಅಲ್ಲಿಯ ನಾಣ್ಯದ ಗುಂಡಿಯನ್ನು ಒತ್ತಿದರೆ ಲೆಕ್ಕವು ಕಾರ್ಡಿನ ಜಾಲದ ದರದಲ್ಲಿ ನಮ್ಮ ಬ್ಯಾಂಕಿಗೆ ಬಂದು ತೀರುತ್ತದೆ.